ಊರಿನ ಜಮಾ-ಖರ್ಚು ಯಾರು ನೋಡಬೇಕು?

(ಧಾರವಾಡದ ಒಂದು ಬಡಾವಣೆಯ ನಾಗರಿಕರ ಹಾಗೂ ಶಿಕ್ಷಕರ ಸಭೆಯಲ್ಲಿ ಮಾಡಿದ ಭಾಷಣ)



ಈ ಸಂಜೆ ತಮ್ಮೆದುರಿಗೆ ನಾಲ್ಕು ಮಾತುಗಳನ್ನಾಡಬೇಕೆಂದು ಮಿತ್ರರು ನಮ್ಮನ್ನು ಕರೆದಾಗ, ಸಾಹಿತ್ಯವನ್ನೋ ನಾಡಿನ ಇತಿಹಾಸವನ್ನೋ ಕುರಿತು ಮಾತಾಡಿದರೆ ಚೆನ್ನಾಗಿರುವದೆಂದು ಸೂಚಿಸಿದ್ದರು. ನಾವು ಅವೆರಡನ್ನೂ ಬಿಟ್ಟು ಗಟಾರ, ನಳ, ಬೀದಿಯ ದೀಪ, ಘರಪಟ್ಟಿ ಎಂಬ ನೀರಸ ವಿಷಯಗಳನ್ನು ಎತ್ತಿಕೊಂಡು ಬಂದಿದ್ದೇವೆ. ವಿದ್ಯೆಗೆ ಹೆಸರಾದ ಈ ಊರಿನಲ್ಲಿ ಕವಿತೆಯ ಬಗ್ಗೆ ಕೇಳುವವರಿಗೆ ಎಂದೂ ಕೊರತೆಯಿಲ್ಲ. ಗಟಾರಿನ ಬಗ್ಗೆ ಕೇಳುವವರೇ ಕಡಿಮೆ. ಆದದರಿಂದಲೇ ಈ ಧೈರ್ಯ ಮಾಡಿದ್ದೇವೆ, ತಾವು ಸೈರಿಸಿಕೊಳ್ಳಬೇಕು.

ನಮ್ಮದು ವಕೀಲಿಯ ವೃತ್ತಿ. ಅಣ್ಣತಮ್ಮಂದಿರ ಹಿಸ್ಸೆಯ ದಾವೆಗಳು ನಮ್ಮ ಕೈಯಿಂದ ಅನೇಕ ಹಾದುಹೋಗಿವೆ. ಅವುಗಳಲ್ಲಿ ಹೆಚ್ಚಿನವುಗಳ ಮೂಲ ಒಂದೇ. ಮನೆತನ ಅನ್ಯೋನ್ಯವಾಗಿದ್ದ ಕಾಲದಲ್ಲಿ ಯಾರೂ ಲೆಕ್ಕ ಕೇಳಲಿಲ್ಲ. ಕೇಳುವದು ಅವಿಶ್ವಾಸದ ಲಕ್ಷಣವೆಂದು ಬಗೆದರು. ಹಿರಿಯಣ್ಣ ಬರೆದಿಟ್ಟನೋ ಇಲ್ಲವೋ ಯಾರೂ ನೋಡಲಿಲ್ಲ. ಇಪ್ಪತ್ತು ವರುಷಗಳ ಮೇಲೆ ಕೇಳಬೇಕಾಗಿ ಬಂದಾಗ ಲೆಕ್ಕವೂ ಸಿಗಲಿಲ್ಲ, ಪ್ರೀತಿಯೂ ಉಳಿಯಲಿಲ್ಲ. ಕೋರ್ಟಿನ ಮೆಟ್ಟಿಲೊಂದೇ ಉಳಿಯಿತು. ಊರೆಂಬುದೂ ಇಂಥದೇ ಒಂದು ಒಟ್ಟು ಮನೆತನ. ಅದರ ಹಿರಿಯಣ್ಣನೇ ನಗರಸಭೆ. ಪ್ರೀತಿಯಿರುವಾಗಲೇ ಲೆಕ್ಕ ಕೇಳುವದು ಬುದ್ಧಿವಂತಿಕೆ ಎಂಬುವದಿಷ್ಟೇ ಇಂದಿನ ನಮ್ಮ ಮಾತಿನ ತಾತ್ಪರ್ಯ.

ಈ ಹಕ್ಕು ನಮಗೆ ಪುಕ್ಕಟೆ ಬಂದದ್ದಲ್ಲ. 1850ರ ಕಾಯದೆಯ ಆಧಾರದ ಮೇಲೆ ಹುಬ್ಬಳ್ಳಿಯಲ್ಲಿ 1855ರಲ್ಲಿ, ಧಾರವಾಡದಲ್ಲಿ 1856ರಲ್ಲಿ ಮುನಸಿಪಾಲಿಟಿಗಳು ಹುಟ್ಟಿದವು. ಆಗ ಊರಿನ ಕಾರಭಾರವೆಲ್ಲ ಜಿಲ್ಲೆಯ ಬಿಳಿಯ ಅಧಿಕಾರಿಯ ಕೈಯಲ್ಲಿ. 1882ರಲ್ಲಿ ಲಾರ್ಡ್ ರಿಪ್ಪನ್ನರು ಸ್ಥಾನಿಕ ಸ್ವರಾಜ್ಯದ ಠರಾವನ್ನು ಹೊರಡಿಸಿ, ಸರಕಾರಿ ನೌಕರರಲ್ಲದ ಸದಸ್ಯರೇ ಈ ಸಭೆಗಳಲ್ಲಿ ಹೆಚ್ಚಾಗಿರಬೇಕೆಂದರು. ಇದರಿಂದ ಕಾರಭಾರ ಒಮ್ಮೆಲೇ ಸುಧಾರಿಸದಿದ್ದರೂ ಜನರಿಗೆ ರಾಜಕೀಯ ಶಿಕ್ಷಣವಾಗುವದೆಂಬುವದು ಅವರ ಮುಖ್ಯ ಉದ್ದೇಶವಾಗಿತ್ತು. ಆ ಶಾಲೆಯಲ್ಲಿ ಕಲಿತವರು ಯಾರೆಂಬುದನ್ನು ನೋಡಿರಿ. ರಾಜಾಜಿಯವರು 1917ರಿಂದ 1919ರ ವರೆಗೆ ಸೇಲಂ ನಗರಸಭೆಯ ಅಧ್ಯಕ್ಷರಾಗಿದ್ದರು. ಜವಾಹರಲಾಲ ನೆಹರೂ ಅವರು 1923ರಲ್ಲಿ ಅಲಹಾಬಾದಿನ ನಗರಸಭೆಗೆ ಅಧ್ಯಕ್ಷರಾದರು. ಸರದಾರ ವಲ್ಲಭಭಾಯಿಯವರು 1924ರಿಂದ 1928ರ ವರೆಗೆ ಅಹಮದಾಬಾದಿನ ನೀರು, ಚರಂಡಿ, ಬೀದಿಗಳ ಲೆಕ್ಕವನ್ನು ತಾವೇ ನೋಡಿದರು. ದೇಶವನ್ನು ನಡೆಸಬೇಕಾಗಿದ್ದವರಿಗೆ ಗಟಾರಿನ ಲೆಕ್ಕ ಕೀಳೆನಿಸಲಿಲ್ಲ. ನಮಗೆ ಮಾತ್ರ ಏಕೆ ಕೀಳೆನಿಸಬೇಕು?

ನಮ್ಮ ನಾಡಿನದೇ ಇನ್ನೊಂದು ಉದಾಹರಣೆಯನ್ನು ಕೊಡುತ್ತೇವೆ. 1924ರ ದಶಂಬರದಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ ನೆರೆಯಿತು. ಮಹಾತ್ಮಾ ಗಾಂಧಿಯವರು ಅಧ್ಯಕ್ಷತೆ ವಹಿಸಿದ ಅಧಿವೇಶನ ಅದೊಂದೇ. ಅದೇ ಸಂದರ್ಭದಲ್ಲಿ ಅದೇ ಊರಿನಲ್ಲಿ ಸಿದ್ದಪ್ಪ ಕಂಬಳಿಯವರ ಅಧ್ಯಕ್ಷತೆಯಲ್ಲಿ ಮೊದಲನೆಯ ಕರ್ನಾಟಕ ಏಕೀಕರಣ ಪರಿಷತ್ತೂ ನೆರೆಯಿತು. ಅಧಿವೇಶನಕ್ಕಾಗಿ ಎದ್ದ ವಿಜಯನಗರವೆಂಬ ತಾತ್ಕಾಲಿಕ ಊರಿಗೆ ನೀರು ಬೇಕಲ್ಲವೇ? ಗಂಗಾಧರರಾವ ದೇಶಪಾಂಡೆಯವರೂ ಅವರ ಸಂಗಡಿಗರೂ ಒಂದು ದೊಡ್ಡ ಭಾವಿಯನ್ನೇ ತೋಡಿಸಿ ಅದಕ್ಕೆ ಪಂಪಾ ಸರೋವರವೆಂದು ಹೆಸರಿಟ್ಟರು. ಅದಕ್ಕೆ ತಗಲಿದ ಖರ್ಚು 4,370 ರೂಪಾಯಿ 3 ಆಣೆ. ಭಾವಿ ಟಿಳಕವಾಡಿಯಲ್ಲಿ ಇಂದಿಗೂ ಇದೆ. ಆದರೆ ಭಾವಿಗಿಂತಲೂ ನಮಗೆ ಆಶ್ಚರ್ಯವೆನಿಸುವದು ಆ ಮೂರು ಆಣೆ. ಸಾವಿರಗಟ್ಟಲೆ ಜನ ನೆರೆದ ಗದ್ದಲದಲ್ಲಿಯೂ ಮೂರು ಆಣೆಯನ್ನು ಯಾರೋ ಬರೆದಿಟ್ಟರು. ಅದು ಜನರ ರೊಕ್ಕವೆಂಬ ಎಚ್ಚರ ಅವರಿಗಿದ್ದಿತು.

ಈಗ ನಮ್ಮ ಕಾಲಕ್ಕೆ ಬರೋಣ. 1956ರ ನವೆಂಬರ 1ರಂದು ಕನ್ನಡ ನಾಡು ಒಂದಾಗುವ ಮುನ್ನ ಮುಂಬಯಿ, ಮೈಸೂರು, ಹೈದರಾಬಾದು, ಮದರಾಸು, ಕೊಡಗು ಎಂದು ನಾವು ಹರಿದು ಹಂಚಿಹೋಗಿದ್ದೆವು. ಊರುಗಳನ್ನು ಆಳುವ ಕಾಯದೆಗಳೂ ಹಾಗೆಯೇ ಬೇರೆ ಬೇರೆಯಾಗಿದ್ದವು. ನಾಡು ಕೂಡಿದ ಮೇಲೆ 1964ರಲ್ಲಿ ಪುರಸಭೆಗಳಿಗೆ, 1976ರಲ್ಲಿ ಮಹಾನಗರಗಳಿಗೆ ಒಂದೊಂದು ಕಾಯದೆ ಬಂದಿತು. 1993ರ ಜೂನ 1ರಿಂದ ಜಾರಿಗೆ ಬಂದ ಸಂವಿಧಾನದ 74ನೆಯ ತಿದ್ದುಪಡಿಯಿಂದ ನಗರಸಭೆಗಳಿಗೆ ಸಂವಿಧಾನದಲ್ಲಿಯೇ ಸ್ಥಾನ ಸಿಕ್ಕಿತು. ಅದರ 12ನೆಯ ಅನುಸೂಚಿಯಲ್ಲಿ ನೀರು, ರಸ್ತೆ, ನೈರ್ಮಲ್ಯ ಮೊದಲಾದ 18 ಕೆಲಸಗಳನ್ನು ಎಣಿಸಿ ಹೇಳಿದೆ. ಕಾಯದೆಗೆ ಕೊರತೆಯಿಲ್ಲ. ಅದನ್ನು ಕೈಯಲ್ಲಿ ಹಿಡಿಯುವವರ ಕೊರತೆಯಿದೆ.

ನಗರಸಭೆಯ ಅಂದಾಜುಪತ್ರಿಕೆ, ಅಂದರೆ ಬಜೆಟ್ಟು ಎಂಬುವದು ಏನು? ಬರುವ ಎಪ್ರಿಲ 1ರಿಂದ ಒಂದು ವರುಷ ಊರಿಗೆ ಎಷ್ಟು ಬರುವದು, ಎಷ್ಟು ಹೋಗುವದು ಎಂಬ ಮುಂದಿನ ಲೆಕ್ಕ. ಜಮೆಯ ಬದಿಗೆ ನಮ್ಮ ಘರಪಟ್ಟಿ, ನೀರುಪಟ್ಟಿ, ಅಂಗಡಿಗಳ ಬಾಡಿಗೆ, ಪರವಾನಿಗೆಯ ಶುಲ್ಕ, ಅದರ ಕೆಳಗೆ ಸರಕಾರದ ಅನುದಾನ. ಮೊದಲು ಜಕಾತಿಯ ನಾಕೆಗಳಲ್ಲಿ ಊರಿಗೆ ಸ್ವಂತ ಆದಾಯ ಬರುತ್ತಿದ್ದಿತು. 1979ರಲ್ಲಿ ನಮ್ಮ ರಾಜ್ಯದಲ್ಲಿ ಜಕಾತಿಯನ್ನು ತೆಗೆದುಹಾಕಿದರು. ವ್ಯಾಪಾರಸ್ಥರಿಗೆ ತೊಂದರೆ ತಪ್ಪಿತು, ಒಳ್ಳೆಯದೇ ಆಯಿತು. ಆದರೆ ಅಂದಿನಿಂದ ನಮ್ಮ ಊರುಗಳು ಅನುದಾನಕ್ಕಾಗಿ ರಾಜಧಾನಿಯ ಕಡೆಗೆ ಮುಖ ಮಾಡಿ ಕೂಡ್ರುವದು ಹೆಚ್ಚಾಯಿತು. ಪರರ ಕೈ ನೋಡುವವನು ಪರರ ಮಾತನ್ನೂ ಕೇಳಬೇಕಾಗುವದು.

ಖರ್ಚಿನ ಬದಿಗೆ ಎರಡು ಜಾತಿ. ಒಂದು ದಿನನಿತ್ಯದ ಚಾಲ್ತಿ ಖರ್ಚು: ನೌಕರರ ಪಗಾರ, ನೀರೆತ್ತುವ ಪಂಪಿನ ವಿದ್ಯುತ್ತು, ಕಸ ಸಾಗಿಸುವದು, ಗಟಾರ ಬಳಿಯುವದು, ಒಡೆದ ನಳಿಗೆ ತೇಪೆ ಹಾಕುವದು. ಇನ್ನೊಂದು ಹೊಸ ಕಟ್ಟೋಣದ ಬಂಡವಾಳ ಖರ್ಚು. ಹೊಸದಕ್ಕೆ ಅಡಿಗಲ್ಲಿನ ಸಮಾರಂಭವಿದೆ, ಹೂಮಾಲೆಯಿದೆ, ಪತ್ರಿಕೆಯಲ್ಲಿ ಚಿತ್ರವಿದೆ. ಬಳಿದ ಗಟಾರಿಗೆ ಯಾರು ಹಾರ ಹಾಕುತ್ತಾರೆ? ಆದದರಿಂದ ರೊಕ್ಕವೆಲ್ಲ ಹೊಸದರ ಕಡೆಗೆ ಹರಿಯುವದು, ಇದ್ದದ್ದು ಹಾಳಾಗುವದು, ಹಾಳಾದದ್ದನ್ನು ಕಿತ್ತು ಮತ್ತೆ ಹೊಸದನ್ನು ಕಟ್ಟುವದು. ಪ್ರತಿವರುಷ ಮಳೆಗಾಲದ ಮುನ್ನ ಮನೆಯ ಹಂಚು ಕೈಯಾಡಿಸಿದರೆ ಮನೆ ನೂರು ವರುಷ ಬಾಳುವದೆಂದು ನಮ್ಮ ಅಜ್ಜಂದಿರು ಬಲ್ಲರು. ಊರಿಗೆ ಮಾತ್ರ ನಾವು ಈ ನ್ಯಾಯವನ್ನು ಹಚ್ಚಲಿಲ್ಲ.

ಒಂದು ಅನುಭವವನ್ನು ಹೇಳುತ್ತೇವೆ. ಊರ ಹೆಸರು ಬೇಡ. ವೃತ್ತಿಯ ನಿಮಿತ್ತ ಒಂದು ಸಣ್ಣ ಪಟ್ಟಣಕ್ಕೆ ಹೋಗಿದ್ದೆವು. ಊರ ಬಾಗಿಲಿಗೆ ಹೊಸದಾಗಿ ಎತ್ತರದ ಕಮಾನು. ಪೇಟೆಯ ನಡುವೆ ಒಂದು ಕಾರಂಜಿ, ಅದರಲ್ಲಿ ನೀರಿಲ್ಲ, ಒಣಗಿದ ಎಲೆಗಳಿದ್ದವು. ಕಾರಂಜಿಯ ಎದುರಿನ ಓಣಿಯಲ್ಲಿ ಹೆಣ್ಣುಮಕ್ಕಳು ಕೊಡಗಳನ್ನು ಸಾಲಿಗಿಟ್ಟು ನಳಕ್ಕಾಗಿ ಕಾಯುತ್ತಿದ್ದರು. ಕುತೂಹಲದಿಂದ ಕಚೇರಿಗೆ ಹೋಗಿ ಹಿಂದಿನ ವರುಷದ ಬಜೆಟ್ಟಿನ ಪ್ರತಿಯನ್ನು ಕೇಳಿದೆವು. ಕಾರಕೂನರು ಸಜ್ಜನರು, ಧೂಳು ಝಾಡಿಸಿ ತಂದುಕೊಟ್ಟು, "ಇದನ್ನ ಇಲ್ಲೀತನಕಾ ಹೊರಗಿನವರು ಯಾರೂ ಕೇಳಿಲ್ರೀ ಸಾಹೇಬರ" ಎಂದರು. ಪುಟ ತಿರುವಿದರೆ ಕಮಾನಿಗೂ ಕಾರಂಜಿಗೂ ಪ್ರತ್ಯೇಕ ಬಾಬುಗಳಿದ್ದವು. ನಳಗಳ ದುರಸ್ತಿಗೆ ತೆಗೆದಿರಿಸಿದ್ದು ಅವುಗಳಿಗಿಂತ ಕಡಿಮೆ. ಅದರಲ್ಲಿ ಕಳವಿನ ಮಾತೇನೂ ಇರಲಿಲ್ಲ; ಎಲ್ಲವೂ ಠರಾವಿನ ಪ್ರಕಾರವೇ ನಡೆದಿದ್ದಿತು. ನಮ್ಮ ಮನಸ್ಸಿಗೆ ತಾಗಿದ್ದು ಅದೇ. ಕದ್ದರೆ ಫಿರ್ಯಾದಿ ಮಾಡಬಹುದು. ಯಾರೂ ಓದದ್ದರಿಂದ ಆದ ಹಾನಿಗೆ ಯಾರ ಮೇಲೆ ದಾವೆ ಹೂಡುವದು?

ನೀರಿನ ಮಾತು ಬಂದದ್ದರಿಂದ ನಮ್ಮ ಅವಳಿ ನಗರಗಳನ್ನೇ ನೋಡೋಣ. ಹುಬ್ಬಳ್ಳಿಗೆ ನೀರಸಾಗರದ ನೀರು, ಎರಡೂ ಊರುಗಳಿಗೆ ಸವದತ್ತಿಯ ಹತ್ತಿರದ ಮಲಪ್ರಭಾ ಜಲಾಶಯದ ನೀರು. ದಿನಗಟ್ಟಲೆ ಕಾಯ್ದು ಕೆಲವು ತಾಸು ನೀರು ಹಿಡಿಯುವದು ಇಲ್ಲಿಯ ಮನೆಗಳ ಹಳೆಯ ರೂಢಿ. ಜಾಗತಿಕ ಬ್ಯಾಂಕಿನ ನೆರವಿನಿಂದ ಹುಬ್ಬಳ್ಳಿ, ಧಾರವಾಡ, ಬೆಳಗಾವಿ, ಕಲಬುರ್ಗಿಗಳ ಕೆಲವು ವಾರ್ಡುಗಳಲ್ಲಿ ಹಗಲಿರುಳು ನೀರು ಕೊಡುವ ಪ್ರಯೋಗ 2008ರ ಸುಮಾರಿಗೆ ನಡೆಯಿತು. ಅದು ಸಾಧ್ಯವೆಂದು ಸಿದ್ಧವಾಯಿತು. ಆದರೆ ಪ್ರಯೋಗ ಮುಟ್ಟಿದ್ದು ಈ ಊರುಗಳ ಹತ್ತರಲ್ಲೊಂದು ಪಾಲು ಜನರಿಗೆ ಮಾತ್ರ. ಅದನ್ನು ಊರಿಗೆಲ್ಲ ಹಬ್ಬಿಸುವ ಯೋಜನೆ ಕೈಗೂಡಲು ಮುಂದೆ ಅನೇಕ ವರುಷಗಳು ಹಿಡಿದವು.

ತಡವಾದರೇನಾಯಿತು ಎನ್ನಬೇಡಿರಿ. ನಳ ಬರಿದಾಗಿದ್ದಾಗ ಅದರ ಬಿರುಕುಗಳಿಂದ ಹೊರಗಿನ ಹೊಲಸು ಒಳಗೆ ಸೇರುವದು. ಸದಾ ತುಂಬಿ ಒತ್ತಡದಿಂದ ಹರಿಯುವ ನಳಕ್ಕೆ ಆ ಭಯ ಬಹಳ ಕಡಿಮೆ. ಇನ್ನು ನೀರು ಬಿಟ್ಟುಬಿಟ್ಟು ಬರುವ ಊರಿನಲ್ಲಿ ಪ್ರತಿಯೊಂದು ಮನೆಯವನೂ ನೆಲದೊಳಗೊಂದು, ಮಾಳಿಗೆಯ ಮೇಲೊಂದು ಟಾಕಿ ಕಟ್ಟಿಸಬೇಕು; ಪಂಪು ಕೊಳ್ಳಬೇಕು; ವಿದ್ಯುತ್ತಿನ ಬಿಲ್ಲು ತೆರಬೇಕು. ಅದಕ್ಕೆ ಶಕ್ತಿಯಿಲ್ಲದ ಬಡವನ ಮನೆಯಲ್ಲಿ ಹೆಂಡತಿಯೋ ಮಗಳೋ ನಿದ್ದೆಗೆಟ್ಟು ಕೊಡ ಹಿಡಿದು ಕೂಡ್ರಬೇಕು. ಆ ಹುಡುಗಿ ಮರುದಿವಸ ಶಾಲೆಯಲ್ಲಿ ತೂಕಡಿಸುವದನ್ನು ಮಾಸ್ತರರಾದ ತಾವೇ ಕಂಡಿರಬಹುದು. ಇದೂ ಒಂದು ಕರವೇ. ಬಜೆಟ್ಟಿನ ಯಾವ ಪುಟದಲ್ಲಿಯೂ ಇದು ಅಚ್ಚಾಗುವದಿಲ್ಲ, ಇದಕ್ಕೆ ಪಾವತಿಯೂ ಸಿಗುವದಿಲ್ಲ. ನೀರಿನ ದರವನ್ನು ನಾಲ್ಕು ರೂಪಾಯಿ ಏರಿಸಿದರೆ ಮೋರ್ಚೆ ಹೊರಡಿಸುವ ನಾವು, ಕಾಣದ ಈ ಕರವನ್ನು ವರುಷಗಟ್ಟಲೆ ಮೌನವಾಗಿ ತೆತ್ತಿದ್ದೇವೆ.

ಇನ್ನೊಂದು ಸಂಗತಿ. ಈಚಿನ ದೊಡ್ಡ ಕೆಲಸಗಳ ನಿರ್ಣಯ ಚುನಾಯಿತ ಸಭೆಯಲ್ಲಿ ಆಗುತ್ತಿಲ್ಲ. ಅದಕ್ಕಾಗಿಯೇ ಪ್ರತ್ಯೇಕ ಕಂಪನಿಗಳು ಹುಟ್ಟುತ್ತವೆ. ಹುಬ್ಬಳ್ಳಿ-ಧಾರವಾಡಗಳ ನಡುವಿನ ಸುಮಾರು 22 ಕಿಲೋಮೀಟರಿನ ತ್ವರಿತ ಬಸ್ಸಿನ ದಾರಿಯನ್ನು ಅಂಥ ಒಂದು ಕಂಪನಿ ಮಾಡಿಸಿತು; 2018ರ ಅಕ್ಟೋಬರದಲ್ಲಿ ಅದರ ಮೇಲೆ ಚಿಗರಿ ಬಸ್ಸುಗಳು ಓಡತೊಡಗಿದವು. 2016ರಲ್ಲಿ ನಮ್ಮ ಊರು ಸ್ಮಾರ್ಟ ಸಿಟಿ ಯೋಜನೆಗೆ ಆಯ್ಕೆಯಾದಾಗಲೂ ಬೇರೊಂದು ಕಂಪನಿಯೇ ಕೆಲಸ ನಡೆಸಿತು. ಇಂಥ ಕಂಪನಿಗಳಿಂದ ಕೆಲಸ ಬೇಗ ಆಗುವದೆಂಬ ವಾದವಿದೆ. ಅದನ್ನು ನಾವು ತಳ್ಳಿಹಾಕುವದಿಲ್ಲ. ಆದರೆ ಯೋಜನೆಯ ಅವಧಿ ಮುಗಿದ ಮೇಲೆ ಆ ಬೀದಿ, ಆ ಉದ್ಯಾನ, ಆ ದೀಪಗಳ ಸಾಕಣೆ ಯಾರದು? ಮದುವೆ ಮಾಡಿದವರು ಬೇರೆ, ಸಂಸಾರ ತೂಗಿಸುವವರು ಬೇರೆ ಆಗುವದು ಯಾವ ಮನೆತನಕ್ಕೆ ಒಳ್ಳೆಯದು? ಸಂಸಾರ ತೂಗಿಸಬೇಕಾದ ನಗರಸಭೆಗೆ ಮದುವೆಯ ಮುಂಚೆಯೇ ಖರ್ಚಿನ ಅಂದಾಜು ತಿಳಿದಿರಬೇಡವೇ?

ಚುನಾಯಿತ ಸಭೆಯಾದರೂ ಸದಾ ಇದ್ದಿತೇ? ಸಂವಿಧಾನದ ಪ್ರಕಾರ ನಗರಸಭೆಯ ಅವಧಿ ಐದು ವರುಷ. ಅದು ಮುಗಿಯುವ ಮುಂಚೆಯೇ ಹೊಸ ಚುನಾವಣೆ ಮುಗಿದಿರಬೇಕು. 2006ರಲ್ಲಿ ಅಹಮದಾಬಾದಿನ ನಗರಸಭೆಯ ದಾವೆಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನೇ ಸ್ಪಷ್ಟಪಡಿಸಿದೆ. ಆದರೆ ನಮ್ಮ ಅವಳಿ ನಗರಗಳ ಸಭೆಯ ಅವಧಿ 2019ರ ಮಾರ್ಚದಲ್ಲಿ ಮುಗಿದರೆ, ಚುನಾವಣೆ ನಡೆದದ್ದು 2021ರ ಸಪ್ಟಂಬರ 3ರಂದು. ಮೇಯರರ ಆಯ್ಕೆಯಾದದ್ದು 2022ರ ಮೇ ತಿಂಗಳಲ್ಲಿ. ಬೆಳಗಾವಿಯಲ್ಲಿ ಅದೇ ದಿನ ಚುನಾವಣೆ ನಡೆದರೂ ಮೇಯರರ ಆಯ್ಕೆ 2023ರ ಫೆಬ್ರುವರಿಯ ವರೆಗೆ ತಡೆಯಿತು. ಬೆಂಗಳೂರಿನ ಪಾಲಿಕೆಯ ಅವಧಿ 2020ರ ಸಪ್ಟಂಬರದಲ್ಲಿ ಮುಗಿದ ಮೇಲೆ, 2025ರ ಸಪ್ಟಂಬರದಲ್ಲಿ ಅದು ಐದು ಪಾಲಿಕೆಗಳಾಗುವ ವರೆಗೂ ಚುನಾವಣೆಯೇ ಆಗಲಿಲ್ಲ. ಅಷ್ಟು ದಿವಸ ಊರಿನ ಬಜೆಟ್ಟನ್ನು ಮಂಜೂರು ಮಾಡಿದವರು ಅಧಿಕಾರಿಗಳು. ಅವರಲ್ಲಿ ದಕ್ಷರಿಲ್ಲವೆಂದು ನಾವು ಹೇಳುವದಿಲ್ಲ. ಆದರೆ 1856ರಲ್ಲಿಯೂ ಊರನ್ನು ಆಳಿದವರು ಅಧಿಕಾರಿಗಳೇ ಅಲ್ಲವೇ? ಹಾಗಾದರೆ ನಡುವಿನ ಇಷ್ಟೆಲ್ಲ ಹೋರಾಟ ಏತಕ್ಕೆ? ಅದಕ್ಕಿಂತ ಹೆಚ್ಚಿನ ವ್ಯಸನದ ಸಂಗತಿಯೆಂದರೆ, ಸಭೆಯಿಲ್ಲದ ಆ ಎರಡೂವರೆ ವರುಷ ನಮ್ಮಲ್ಲಿ ಬಹುಜನರಿಗೆ ಅದು ಇಲ್ಲವೆಂಬುದೇ ಅರಿವಿಗೆ ಬರಲಿಲ್ಲ. ಇದ್ದಾಗ ಅದರ ಲೆಕ್ಕ ಕೇಳಿದ್ದರೆ ಇಲ್ಲದಾಗ ಕೊರತೆ ತಿಳಿಯುತ್ತಿದ್ದಿತು.

ಪರರ ದೋಷವನ್ನಷ್ಟೇ ಎಣಿಸಿ ಕುಳ್ಳಿರುವದು ಧರ್ಮವಲ್ಲ. ಘರಪಟ್ಟಿಯನ್ನು ನಾವೇ ಲೆಕ್ಕ ಹಾಕಿ ತುಂಬುವ ಪದ್ಧತಿ ನಮ್ಮ ರಾಜ್ಯದಲ್ಲಿ ಬಂದಿದೆ. ನಮ್ಮ ಪ್ರಾಮಾಣಿಕತೆಯ ಮೇಲೆ ಇಟ್ಟ ವಿಶ್ವಾಸ ಅದು. ಮೂರು ಅಂತಸ್ತು ಕಟ್ಟಿ ಎರಡನ್ನೇ ತೋರಿಸುವವರು, ಬಾಡಿಗೆಗೆ ಕೊಟ್ಟು ಸ್ವಂತದ ವಾಸವೆಂದು ಬರೆಯುವವರು ನಮ್ಮ ಸುಶಿಕ್ಷಿತರಲ್ಲಿಯೇ ಇಲ್ಲವೇ? ಕರ ತಪ್ಪಿಸಿದವನ ಬಾಯಿ ಸಭೆಯಲ್ಲಿ ಏಳುವದಿಲ್ಲ. ಲೆಕ್ಕ ಕೇಳಬೇಕೆನ್ನುವವನು ಮೊದಲು ತನ್ನ ಲೆಕ್ಕವನ್ನು ಚುಕ್ತಾ ಮಾಡಿರಬೇಕು.

ಈಗ ಇನ್ನೊಂದು ಪ್ರಸಂಗ ನಮ್ಮ ಮುಂದಿದೆ. 1962ರಲ್ಲಿ ಒಂದೇ ಪಾಲಿಕೆಯಡಿ ಕೂಡಿದ ಹುಬ್ಬಳ್ಳಿ-ಧಾರವಾಡಗಳನ್ನು ಬೇರೆ ಮಾಡಿ ಧಾರವಾಡಕ್ಕೆ ತನ್ನದೇ ಪಾಲಿಕೆಯನ್ನು ಕೊಡುವದೆಂದು 2025ರ ಜನವರಿಯಲ್ಲಿ ಸರಕಾರ ನಿರ್ಧರಿಸಿತು. 82 ವಾರ್ಡುಗಳಲ್ಲಿ 26 ಧಾರವಾಡದ ಪಾಲಿಗೆಂದಾಯಿತು. ನಮ್ಮ ಊರಿಗೆ ಹೆಚ್ಚಿನ ರೊಕ್ಕ ಹರಿದುಬರುವದಿಲ್ಲವೆಂಬ ಧಾರವಾಡದವರ ಹಳೆಯ ದುಃಖ ಇದರ ಬೆನ್ನಿಗಿದೆ. ಆ ದುಃಖವನ್ನು ನಾವು ಅಲ್ಲಗಳೆಯುವದಿಲ್ಲ. ಆದರೆ ವಕೀಲರ ಬುದ್ಧಿಯಿಂದ ಕೇಳುತ್ತೇವೆ: ಹಿಸ್ಸೆಯಾಗುವಾಗ ಆಸ್ತಿಯ ಸಂಗಡ ಸಾಲವೂ ಹಂಚಿಕೆಯಾಗುವದು. ಧಾರವಾಡದ 26 ವಾರ್ಡುಗಳ ಸ್ವಂತ ಆದಾಯವೆಷ್ಟು? ನಿವೃತ್ತರ ವೇತನದ ಭಾರ ಯಾರಿಗೆಷ್ಟು? ಗುತ್ತಿಗೆದಾರರ ಬಾಕಿ ಯಾರು ತೀರಿಸಬೇಕು? ಇವನ್ನು ಕೇಳದೆ ಪೇಢೆ ಹಂಚುವದು ಸುಲಭ. ಸ್ವಂತ ಪಾಲಿಕೆಯಿದ್ದೂ ಲೆಕ್ಕ ಓದದ ಊರು ಮೊದಲಿನ ಊರೇ. ಫಲಕ ಮಾತ್ರ ಹೊಸದು.

ಹಾಗಾದರೆ ಮಾಡತಕ್ಕದ್ದೇನು? ದೊಡ್ಡ ಚಳವಳಿಯನ್ನು ನಾವು ಬೇಡುವದಿಲ್ಲ. ಮೊದಲನೆಯದಾಗಿ, ಬಜೆಟ್ಟಿನ ಪ್ರತಿಯನ್ನು ತರಿಸಿಕೊಳ್ಳಿರಿ. 2005ರ ಮಾಹಿತಿ ಹಕ್ಕಿನ ಕಾಯದೆಯ ಪ್ರಕಾರ ಸಾರ್ವಜನಿಕ ಕಚೇರಿಗಳು ತಮ್ಮ ಬಜೆಟ್ಟನ್ನು ತಾವಾಗಿಯೇ ಪ್ರಕಟಿಸಬೇಕು. ಸಿಗದಿದ್ದರೆ 10 ರೂಪಾಯಿಯ ಶುಲ್ಕದಿಂದ ಅರ್ಜಿ ಕೊಟ್ಟು 30 ದಿವಸಗಳಲ್ಲಿ ಉತ್ತರ ಕೇಳಬಹುದು. ಎರಡನೆಯದಾಗಿ, ಅದನ್ನು ಓದುವ ರೀತಿ. ಪ್ರತಿಯೊಂದು ಬಾಬಿನ ಎದುರಿಗೆ ಹಿಂದಿನ ವರುಷದ ನಿಜವಾದ ಲೆಕ್ಕ, ಈ ವರುಷದ ತಿದ್ದಿದ ಅಂದಾಜು, ಮುಂದಿನ ವರುಷದ ಅಂದಾಜು ಎಂದು ಅಂಕಣಗಳಿರುತ್ತವೆ. ಮುಂದಿನ ವರುಷದ ಅಂಕಣದಲ್ಲಿ ಎಲ್ಲರೂ ಉದಾರಿಗಳೇ. ಹಿಂದಿನ ವರುಷದ ಅಂಕಣದಲ್ಲಿ ಸತ್ಯವಿರುವದು. ಎರಡನ್ನೂ ಒತ್ತಟ್ಟಿಗಿಟ್ಟು ನೋಡಿರಿ. ಆಮೇಲೆ ಮೂರೇ ಪ್ರಶ್ನೆ ಕೇಳಿರಿ: ಬರುವದೆಂದು ಬರೆದ ರೊಕ್ಕ ಬಂದಿತೇ? ಹೊಸ ಕಟ್ಟೋಣಕ್ಕೆಷ್ಟು, ಇದ್ದದ್ದನ್ನು ಕಾಯಲಿಕ್ಕೆಷ್ಟು? ನಮ್ಮ ವಾರ್ಡಿಗೆ ಮಂಜೂರಾದ ಕೆಲಸ ಕಣ್ಣಿಗೆ ಕಾಣುವದೇ?

ಮೂರನೆಯದಾಗಿ, ವಾರ್ಡು ಸಮಿತಿ. ಮೂರು ಲಕ್ಷಕ್ಕಿಂತ ಹೆಚ್ಚು ಜನಸಂಖ್ಯೆಯ ಊರುಗಳಲ್ಲಿ ಇದು ಇರಬೇಕೆಂದು ಸಂವಿಧಾನವೇ ವಿಧಿಸಿದೆ. ನಮ್ಮ ರಾಜ್ಯದ 2011ರ ತಿದ್ದುಪಡಿ ಪ್ರತಿಯೊಂದು ವಾರ್ಡಿಗೂ ಒಂದೊಂದು ಸಮಿತಿಯನ್ನು ಹೇಳಿದೆ. ಅದರಲ್ಲಿ ಹೆಣ್ಣುಮಕ್ಕಳಿಗೂ ದಲಿತ ಬಂಧುಗಳಿಗೂ ಸ್ಥಾನವಿದೆ. ಗಟಾರಿನ ದುರ್ಗಂಧ ಮೊದಲು ಮುಟ್ಟುವದು ಬಡವರ ಓಣಿಯನ್ನು. ಅಲ್ಲಿಯವರ ಮಾತು ಮೊದಲು ಕೇಳಬೇಕಾದದ್ದೇ ನ್ಯಾಯ. ತಮ್ಮ ವಾರ್ಡಿನಲ್ಲಿ ಸಮಿತಿಯಿದೆಯೇ, ಅದು ತಿಂಗಳಿಗೊಮ್ಮೆ ಸೇರುವದೇ ಎಂಬುದನ್ನು ನಾಳೆಯೇ ವಿಚಾರಿಸಿರಿ. ಇಲ್ಲದಿದ್ದರೆ ಬರವಣಿಗೆಯಲ್ಲಿ ಕೇಳಿರಿ. ಬಾಯಿಮಾತು ಗಾಳಿಗೆ ಹೋಗುವದು, ಅರ್ಜಿ ಕಡತದಲ್ಲಿ ಉಳಿಯುವದು.

ಕೊನೆಯದಾಗಿ ಮಾಸ್ತರರಲ್ಲಿ ಒಂದು ಬಿನ್ನಹ. ಹೌದು, ಈ ವಿಷಯ ಕಠಿಣವೆಂದು ಜನ ಹೇಳುತ್ತಾರೆ. ಆದರೆ ತಾವು ಏಳನೆಯ ಇಯತ್ತೆಯ ಹುಡುಗರಿಗೆ ಸರಾಸರಿ, ಶೇಕಡಾ, ಲಾಭ-ಹಾನಿಗಳನ್ನು ಕಲಿಸುತ್ತೀರಿ. ಬಜೆಟ್ಟಿನಲ್ಲಿ ಅದಕ್ಕಿಂತ ಹೆಚ್ಚಿನ ಗಣಿತವೇನೂ ಇಲ್ಲ. ಎಂದೂ ಕಾಣದ ವರ್ತಕನೊಬ್ಬ ಎಂದೂ ಕೊಳ್ಳದ ಕುದುರೆಯ ಲೆಕ್ಕಕ್ಕೆ ಬದಲು, ತಮ್ಮ ಊರಿನ ನೀರಿಗೆ ನೂರಕ್ಕೆಷ್ಟು, ದೀಪಕ್ಕೆ ನೂರಕ್ಕೆಷ್ಟು ಎಂಬ ಲೆಕ್ಕವನ್ನು ಒಂದು ದಿವಸ ಹಲಗೆಯ ಮೇಲೆ ಬರೆದು ನೋಡಿರಿ. ಆ ಹುಡುಗ ಮನೆಗೆ ಹೋಗಿ ತಂದೆಯನ್ನು ಕೇಳುವನು. ತಂದೆ ಕೌನ್ಸಿಲರನ್ನು ಕೇಳಬೇಕಾಗುವದು. ಇದಕ್ಕಿಂತ ದೊಡ್ಡ ಲೋಕಶಿಕ್ಷಣ ಯಾವುದಿದೆ?

ನಾಡನ್ನು ಕೂಡಿಸಿದ ಹಿರಿಯರು ನಮಗೊಂದು ಮನೆ ಕಟ್ಟಿಕೊಟ್ಟು ಹೋದರು. ಅದರ ಹಂಚು ಕೈಯಾಡಿಸುವ ಕೆಲಸ ನಮ್ಮದು. ಕೋಟಿಗಳ ಲೆಕ್ಕ ನೋಡಿ ಹೆದರಬೇಡಿರಿ. ಪಂಪಾ ಸರೋವರದ ಮೂರು ಆಣೆಯನ್ನು ನೆನೆಯಿರಿ. ನಮ್ಮ ಓಣಿಯ ಒಂದು ನಳ, ಒಂದು ದೀಪ, ಒಂದು ಗಟಾರ, ಇಷ್ಟರ ಲೆಕ್ಕದಿಂದಲೇ ಆರಂಭಿಸೋಣ. ಬರುವ ತಿಂಗಳ ಸಭೆಗೆ ಬಜೆಟ್ಟಿನ ಪ್ರತಿಯನ್ನು ನಾವು ತರುತ್ತೇವೆ. ಕೂಡಿ ಓದಲು ತಾವು ಬರಬೇಕು.